ಬಿಟಿ ಹತ್ತಿ ಬೀಜದಲ್ಲಿ ಟರ್ಮಿನೇಟರ್ ಜೀನ್ ಇದೆಯಾ? ಇಲ್ಲ. ಇನ್ನೊಮ್ಮೆ ಹೇಳ್ತೀನಿ, ಇಲ್ಲ

ಪ್ರಶ್ನೆ: "ಸರ್, ಬಿಟಿ ಹತ್ತಿ ಬೀಜದೊಳಗೆ ಟರ್ಮಿನೇಟರ್ ಜೀನ್ ಹಾಕಿರ್ತಾರಂತೆ. ಅದಕ್ಕೇ ಮನೇಲಿ ಇಟ್ಟ ಬೀಜ ಮರುವರ್ಷ ಹುಟ್ಟಲ್ಲವಂತೆ. ಅದಕ್ಕೆ ಪೇಟೆಂಟ್ ಬೇರೆ ಇದೆಯಂತೆ. ನಿಜಾನಾ?"

ಮುಂಗಾರು ಹತ್ತಿರ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಕೆಲವರು ಪ್ರಶ್ನೆ ಕೇಳುವುದೂ ಇಲ್ಲ, "ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಎಂದು ನನಗೇ ಪಾಠ ಹೇಳುತ್ತಾರೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದಿನ ವರ್ಷ ಯಾರಾದರೂ ಕೇಳಿದರೆ ಇದನ್ನೇ ಕೊಟ್ಟುಬಿಡಿ.

ಬಿಟಿ ಹತ್ತಿ ಅಂದರೆ ಹುಳ ತಡೆಯಲೆಂದು ಬ್ಯಾಕ್ಟೀರಿಯಾದ ಒಂದು ಜೀನ್ ಸೇರಿಸಿದ ಹತ್ತಿ. ಟರ್ಮಿನೇಟರ್ ಅಂದರೆ ಬೆಳೆದ ಬೀಜ ಮತ್ತೆ ಹುಟ್ಟದ ಹಾಗೆ ಮಾಡುವ ತಂತ್ರ. ಅದಕ್ಕೆ ಪೇಟೆಂಟ್ ಇದ್ದದ್ದು ನಿಜ. ಆ ಜೀನ್ ನಿಮ್ಮ ಹೊಲದ ಹತ್ತಿಯಲ್ಲಿ ಇದೆ ಅನ್ನುವುದು ಸುಳ್ಳು. ನಮ್ಮ ದೇಶ ಹಾಗಿರಲಿ, ಜಗತ್ತಿನ ಯಾವ ಅಂಗಡಿಯಲ್ಲೂ ಟರ್ಮಿನೇಟರ್ ಬೀಜ ಒಂದು ದಿನಕ್ಕೂ ಮಾರಾಟವಾಗಿಲ್ಲ.

ನಂಬಿಕೆ ಬರಲಿಲ್ಲವೇ? ನನ್ನ ಮಾತು ಬೇಡ, ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿಂಗ್ ಮಿಲ್ಲಿನ ಹಿಂದಿನ ಅಂಗಳಕ್ಕೆ ಹೋಗಿ. ಎರಡು ಮಳೆ ಆದ ಮೇಲೆ ಹೋಗಬೇಕು. ಚೆಲ್ಲಿದ ಹತ್ತಿಕಾಳು ಅಲ್ಲಲ್ಲಿ ಎರಡೆಲೆ ಬಿಟ್ಟು ನಿಂತಿರುತ್ತದೆ. ಬಿಡಿಸುವ ಹೊತ್ತಿಗೆ ಮಳೆ ಹಿಡಿದುಕೊಂಡರೆ ಒಡೆದ ಕಾಯಿಯೊಳಗೇ ಕಾಳು ಮೊಳಕೆ ಬರುವುದನ್ನು ನೀವೇ ನೋಡಿ ಬೈದುಕೊಂಡಿರುತ್ತೀರಿ. ಸಾಯುವ ಜೀನ್ ಇರುವ ಬೀಜ ಹೀಗೆ ಮಾಡುತ್ತದೆಯೇ?

ಒಂದು ಸಲ ನಮ್ಮ ಮಾವನ ಜೊತೆ ಇದೇ ವಾದ ಆಯಿತು. ಅವರು ಹಿಂದಿನ ವರ್ಷದ ಬಿಟಿ ಹತ್ತಿಯ ಕಾಳು ಒಂದು ಮುಷ್ಟಿ ತಂದು ಮೇಜಿನ ಮೇಲೆ ಸುರಿದರು. ಸಗಣಿ ನೀರಲ್ಲಿ ಉಜ್ಜಿ ನವಿರು ತೆಗೆದೆವು. ಒದ್ದೆ ಗೋಣಿತಾಟಿನಲ್ಲಿ ಸುತ್ತಿ ಬಚ್ಚಲ ಮೂಲೆಯಲ್ಲಿಟ್ಟೆವು. ಐದನೇ ದಿನ ಬಿಚ್ಚಿದಾಗ ಬಿಳಿ ಬೇರು ತಾಟಿನ ಎಳೆಯೊಳಗೆ ಸಿಕ್ಕಿಕೊಂಡು ಕೀಳಲು ಬರುತ್ತಿರಲಿಲ್ಲ. ಮಾವ ಸುಮ್ನೆ ನೋಡಿದರು. ಆಮೇಲೆ, "ಇದು ಯಾವುದೋ ಹಳೇ ಕಾಳು ಇರಬೇಕು" ಅಂದರು!

ಸರಿ, ಪೇಟೆಂಟಿನ ಕಥೆಗೆ ಬರೋಣ. 1998ರ ಮಾರ್ಚ್ 3ರಂದು ಅಮೆರಿಕದಲ್ಲಿ 5,723,765 ಸಂಖ್ಯೆಯ ಪೇಟೆಂಟ್ ಮಂಜೂರಾಯಿತು. ಪಡೆದವರು ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಹತ್ತಿ ಬೀಜದ ಕಂಪನಿ ಮತ್ತು ಅಮೆರಿಕ ಸರ್ಕಾರದ ಕೃಷಿ ಇಲಾಖೆ, ಇಬ್ಬರೂ ಸೇರಿ. ಅದರ ಶೀರ್ಷಿಕೆಯಲ್ಲಿ ಸಾವು ಗೀವು ಏನೂ ಇಲ್ಲ. ಗಿಡದಲ್ಲಿ ಜೀನ್‌ಗಳ ಅಭಿವ್ಯಕ್ತಿಯನ್ನು ಹತೋಟಿಯಲ್ಲಿಡುವ ವಿಧಾನ, ಅಷ್ಟೇ. 'ಟರ್ಮಿನೇಟರ್' ಎಂಬ ಹೆಸರು ಇಟ್ಟದ್ದು ಅದನ್ನು ವಿರೋಧಿಸಿದ ರಾಫಿ ಎಂಬ ಸಂಸ್ಥೆ. ಹೆಸರು ಚೆನ್ನಾಗಿತ್ತು, ನಿಂತುಬಿಟ್ಟಿತು.

ಅಭಿವ್ಯಕ್ತಿ ಅಂದರೆ ಏನು? ಗಿಡದ ಪ್ರತಿ ಜೀವಕೋಶದಲ್ಲೂ ಎಲ್ಲ ಜೀನ್‌ಗಳೂ ಇರುತ್ತವೆ. ಆದರೆ ಎಲ್ಲವೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಪ್ರತಿ ಜೀನ್‌ನ ಮುಂದೆ ಪ್ರಮೋಟರ್ ಎಂಬ ಒಂದು ತುಂಡು ಡಿಎನ್‌ಎ ಇರುತ್ತದೆ. ಅದು ನಿಮ್ಮ ಪಂಪ್‌ಸೆಟ್ಟಿನ ಆಟೋಸ್ಟಾರ್ಟರ್ ಇದ್ದ ಹಾಗೆ. ರಾತ್ರಿ ಯಾವಾಗಲೋ ತ್ರೀ ಫೇಸ್ ಕರೆಂಟ್ ಬಂತು ಅಂದರೆ ಮೋಟಾರು ತಾನಾಗಿ ಶುರು. ನೀವು ಎದ್ದು ಹೋಗಬೇಕಿಲ್ಲ.

ಟರ್ಮಿನೇಟರ್‌ನಲ್ಲಿ ಮೋಟಾರು ಅಂದರೆ ಒಂದು ವಿಷ. ಸ್ಯಾಪೊನೇರಿಯಾ ಎಂಬ ಗಿಡದಿಂದ ತೆಗೆದ ಸಾಪೊರಿನ್ ಎಂಬ ಪ್ರೋಟೀನ್, ಜೀವಕೋಶದಲ್ಲಿ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಅದರ ಸ್ಟಾರ್ಟರ್ ಕೆಲಸ ಶುರು ಮಾಡುವುದು ಬೀಜ ಬಲಿಯುವ ಕೊನೆಯ ಹಂತದಲ್ಲಿ ಮಾತ್ರ. ಅಂದರೆ ಗಿಡ ಬೆಳೆಯುತ್ತದೆ, ಕಾಯಿ ಕಟ್ಟುತ್ತದೆ, ಅರಳೆ ಬರುತ್ತದೆ, ಕಾಳೂ ತುಂಬುತ್ತದೆ. ಒಳಗಿನ ಭ್ರೂಣ ಮಾತ್ರ ಸಾಯುತ್ತದೆ.

ಹಾಗಾದರೆ ಕಂಪನಿ ತನ್ನ ಬೀಜವನ್ನು ಹೆಚ್ಚಿಸಿಕೊಳ್ಳುವುದು ಹೇಗೆ? ಇಲ್ಲೇ ಇರುವುದು ಚಾಲಾಕಿತನ. ಸ್ಟಾರ್ಟರ್‌ಗೂ ಮೋಟಾರಿಗೂ ನಡುವೆ ವೈರ್ ಕತ್ತರಿಸಿ ಒಂದು ಮರದ ತುಂಡು ಸಿಕ್ಕಿಸಿದ್ದಾರೆ ಅಂದುಕೊಳ್ಳಿ. ಕರೆಂಟ್ ಬಂದರೂ ಮೋಟಾರು ಓಡಲ್ಲ. ಆ ತುಂಡು ತೆಗೆದು ವೈರ್ ಜೋಡಿಸುವ ಕೆಲಸಗಾರನೊಬ್ಬ ಇದ್ದಾನೆ. ಅವನ ಹೆಸರು ಕ್ರೀ, ಒಂದು ಕಿಣ್ವ. ಅವನ ಕೈ ಹಿಡಿದು ಕೂತ ಕಾವಲುಗಾರ ಇನ್ನೊಬ್ಬ. ಕಂಪನಿಯ ಹೊಲದಲ್ಲಿ ಕಾವಲುಗಾರ ಎಚ್ಚರವಾಗಿರುತ್ತಾನೆ, ಬೀಜ ಚೆನ್ನಾಗಿ ಹುಟ್ಟುತ್ತದೆ. ಮಾರುವ ಮುಂಚೆ ಬೀಜವನ್ನು ಟೆಟ್ರಾಸೈಕ್ಲಿನ್‌ನಲ್ಲಿ ನೆನೆಸುತ್ತಾರೆ. ಹೌದು, ಡಾಕ್ಟರು ಬರೆದುಕೊಡುವ ಆ್ಯಂಟಿಬಯೋಟಿಕ್ಕೇ. ಕಾವಲುಗಾರ ಮಲಗುತ್ತಾನೆ, ಕ್ರೀ ತುಂಡು ಕಿತ್ತು ವೈರ್ ಜೋಡಿಸುತ್ತಾನೆ. ರೈತ ಬಿತ್ತಿದ್ದು ಹುಟ್ಟುತ್ತದೆ, ಅವನು ಬೆಳೆದ ಕಾಳು ಹುಟ್ಟುವುದಿಲ್ಲ.

ಪಾಠ ಮಾಡುವವನಾಗಿ ನನಗೆ ಇದು ಬಹಳ ಇಷ್ಟದ ಉದಾಹರಣೆ. ಉದ್ದೇಶ ಕೆಟ್ಟದು, ವಿನ್ಯಾಸ ಸುಂದರ. ಆದರೆ ಪೇಟೆಂಟ್ ಅಂದರೆ ಗೋದಾಮಿನಲ್ಲಿ ಸರಕು ಇದೆ ಅಂತ ಅಲ್ಲ. "ಈ ಉಪಾಯ ನಮ್ಮದು, ಇಷ್ಟು ವರ್ಷ ಬೇರೆಯವರು ಮುಟ್ಟಬೇಡಿ" ಅನ್ನುವ ಹಕ್ಕುಪತ್ರ, ಅಷ್ಟೇ. ಜಗತ್ತಿನ ತುಂಬ ಗಲಾಟೆಯಾಯಿತು. 1999ರ ಅಕ್ಟೋಬರ್‌ನಲ್ಲಿ, ಬಿಟಿ ಹತ್ತಿಯ ತಂತ್ರದ ಒಡೆಯ ಅಮೆರಿಕದ ಮೊನ್ಸಾಂಟೊ ಕಂಪನಿ ಬಂಜೆ ಬೀಜದ ತಂತ್ರವನ್ನು ಮಾರುಕಟ್ಟೆಗೆ ತರುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. 2000ದಲ್ಲಿ ನೈರೋಬಿಯ ಜೀವವೈವಿಧ್ಯ ಸಮ್ಮೇಳನ ಸದ್ಯಕ್ಕೆ ಬೇಡ ಎಂದು ತಡೆ ಹಾಕಿತು. ನಮ್ಮ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಂತೂ ಟರ್ಮಿನೇಟರ್ ಅಂತ ಹೆಸರು ಹಿಡಿದೇ, ಅಂಥ ತಳಿ ನೋಂದಣಿ ಮಾಡುವಂತಿಲ್ಲ ಎಂದು ಬರೆದಿದೆ. ಆ ಪೇಟೆಂಟಿನ ಅವಧಿಯೂ ಮುಗಿದು ಎಷ್ಟೋ ವರ್ಷವಾಯಿತು.

ಮತ್ತೆ ಈ ಸುದ್ದಿ ನಮ್ಮಲ್ಲೇ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ? ತಾರೀಕು ನೋಡಿ. ಪೇಟೆಂಟ್ ಬಂದದ್ದು 1998ರ ಮಾರ್ಚ್. ಅದನ್ನು ಪಡೆದ ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಕಂಪನಿಯನ್ನು ಕೊಳ್ಳುತ್ತೇವೆ ಅಂತ ಮೊನ್ಸಾಂಟೊ ಹೇಳಿದ್ದು ಮೇ. ಅದೇ ವರ್ಷ ರಾಯಚೂರು ಕಡೆ ಮೊನ್ಸಾಂಟೊ ಬಿಟಿ ಹತ್ತಿಯ ಪ್ರಾಯೋಗಿಕ ತಾಕುಗಳಿದ್ದವು. ನವೆಂಬರ್‌ನಲ್ಲಿ ರೈತ ಸಂಘದವರು ಆ ಗಿಡ ಕಿತ್ತು ಬೆಂಕಿ ಹಚ್ಚಿದರು. ಪತ್ರಿಕೆಗಳಲ್ಲಿ ಎರಡು ಸುದ್ದಿ ಅಕ್ಕಪಕ್ಕ ಬಂದವು, ಜನರ ತಲೆಯಲ್ಲಿ ಒಂದಾದವು. ಆಗ ಗಾಬರಿಯಾದದ್ದು ತಪ್ಪಲ್ಲ. ಇಷ್ಟು ವರ್ಷ ಆದಮೇಲೂ ಅದನ್ನೇ ಹೇಳುತ್ತಿರುವುದು ಸ್ವಲ್ಪ ಜಾಸ್ತಿಯಾಯಿತು.

"ಆದರೆ ಸರ್, ಮನೆ ಬೀಜ ಹಾಕಿದರೆ ಇಳುವರಿ ಬರಲ್ಲ, ಅದು ಅನುಭವ" ಅಂತ ಕೇಳುತ್ತೀರಿ. ಗೊತ್ತು. ನಮ್ಮಲ್ಲಿ ಮಾರುವ ಬಿಟಿ ಹತ್ತಿ ಹೆಚ್ಚಿನದು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಮಾಡಿದ ಬೀಜ. ಇಳುವರಿ ಬರದಿರುವುದು ಹೈಬ್ರಿಡ್‌ನ ಗುಣ, ಟರ್ಮಿನೇಟರ್‌ನದ್ದಲ್ಲ. ಹಾವೇರಿ, ರಾಣೆಬೆನ್ನೂರು ಕಡೆ ಸೀಡ್ಸ್ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಸಂಜೆ ಮೊಗ್ಗಿನ ಕೇಸರ ಬಿಡಿಸುವುದು, ಬೆಳಿಗ್ಗೆ ಗಂಡು ಹೂವು ತಂದು ಮುಟ್ಟಿಸುವುದು. ಎರಡು ಬೇರೆ ಬೇರೆ ತಳಿಯ ಮೊದಲ ಮಕ್ಕಳು ಒಂದೇ ಅಚ್ಚಿನವು, ಗಟ್ಟಿಮುಟ್ಟು. ಆ ಮಕ್ಕಳ ಮಕ್ಕಳು ಚೆದುರುತ್ತವೆ. ಒಂದು ಅಜ್ಜನ ಹಾಗೆ, ಒಂದು ಅಜ್ಜಿಯ ಹಾಗೆ, ಒಂದು ಯಾರ ಹಾಗೂ ಇಲ್ಲ. ಬಿಟಿ ಜೀನ್ ಅಪ್ಪ-ಅಮ್ಮರಲ್ಲಿ ಒಬ್ಬರಿಂದ ಮಾತ್ರ ಬಂದಿದ್ದರೆ ಮರುವರ್ಷ ನಾಲ್ಕರಲ್ಲಿ ಒಂದು ಗಿಡಕ್ಕೆ ಅದು ಇರುವುದೇ ಇಲ್ಲ. ಹುಳ ಅದನ್ನು ಹುಡುಕಿಕೊಂಡು ಬರುತ್ತದೆ.

ಈ ಹೈಬ್ರಿಡ್ ಹತ್ತಿ ಯಾವ ವಿದೇಶಿ ಕಂಪನಿಯೂ ತಂದದ್ದಲ್ಲ. 1970ರಲ್ಲಿ ಸೂರತ್‌ನಲ್ಲಿ ಎಚ್-4 ಎಂಬ ಹೈಬ್ರಿಡ್ ಬಂತು. 1972ರಲ್ಲಿ ನಮ್ಮ ಧಾರವಾಡದಲ್ಲೇ ತಳಿ ವಿಜ್ಞಾನಿ ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಕೊಟ್ಟರು. ಬಿಟಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಅಂದರೆ ಅದಕ್ಕೂ 30 ವರ್ಷ ಮೊದಲಿಂದಲೇ ಹೈಬ್ರಿಡ್ ಹತ್ತಿ ಹಾಕುವವರು ಪ್ರತಿವರ್ಷ ಹೊಸ ಬೀಜ ಕೊಳ್ಳುತ್ತಿದ್ದರು. ಆಗ ಯಾರೂ ಜೀನ್ ಮೇಲೆ ಅನುಮಾನ ಪಡಲಿಲ್ಲ. ಗುಜರಾತಿನವರಂತೂ ಬಿಟಿ ಹೈಬ್ರಿಡ್‌ನ ಎರಡನೇ ತಲೆಮಾರಿನ ಬೀಜವನ್ನೇ ಕಡಿಮೆ ಬೆಲೆಗೆ ಮಾರಿ, ಕೊಂಡು, ಬಿತ್ತಿ ಬೆಳೆದರು. ಹುಟ್ಟದ ಬೀಜವಾಗಿದ್ದರೆ ಆ ವ್ಯಾಪಾರ ನಡೆಯುತ್ತಿತ್ತೇ?

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮೇಲೆ ವೈರ್ ಜೋಡಿಸಿದ ಕ್ರೀ ಇದ್ದಾನಲ್ಲ, ಅವನು ಮೂಲತಃ ಹತ್ತಿಯವನಲ್ಲ. ಬ್ಯಾಕ್ಟೀರಿಯಾಕ್ಕೆ ತಗಲುವ ಪಿ1 ಎಂಬ ವೈರಸ್ಸಿನವನು. ಡಿಎನ್‌ಎಯಲ್ಲಿ ಲಾಕ್ಸ್ ಎಂಬ ಗುರುತು ಎರಡು ಕಡೆ ಕಂಡರೆ ನಡುವಿನದ್ದನ್ನು ಕತ್ತರಿಸಿ ತುದಿಗಳನ್ನು ಸೇರಿಸುತ್ತಾನೆ. ಅವನನ್ನು ಬೇರೆ ಜೀವಿಗಳಲ್ಲಿ ದುಡಿಸುವ ವಿಧಾನಕ್ಕೆ ಡುಪಾಂಟ್ ಕಂಪನಿ 1990ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ಪಡೆದಿತ್ತು. ಅದರಿಂದ ಯಾವ ಗಿಡವೂ ಬಂಜೆಯಾಗಲಿಲ್ಲ, ಲ್ಯಾಬಿನ ಇಲಿಗಳು ಮಾತ್ರ ಬದಲಾದವು. ಇಲಿಯ ಒಂದು ಜೀನ್ ಅನ್ನು ಲಿವರ್‌ನಲ್ಲಿ ಮಾತ್ರ ತೆಗೆಯಬೇಕೇ? ಲಿವರ್‌ನಲ್ಲಿ ಮಾತ್ರ ಓಡುವ ಸ್ಟಾರ್ಟರ್‌ಗೆ ಕ್ರೀಯನ್ನು ಜೋಡಿಸಿ. ಉಳಿದ ಅಂಗಗಳಿಗೆ ಏನೂ ಆಗದು. ಡುಪಾಂಟ್ ಷರತ್ತುಗಳ ಬಗ್ಗೆ ವಿಜ್ಞಾನಿಗಳು ಜಗಳ ತೆಗೆದು, ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ನಡುವೆ ಬಂದು, ಲಾಭಕ್ಕಲ್ಲದ ಸಂಶೋಧನೆಗೆ ಬಳಸಲು ಒಪ್ಪಂದವಾಯಿತು. ಅದೂ ಅದೇ 1998ರಲ್ಲಿ.

ಪರಿಚಯದ ಹುಡುಗಿಯೊಬ್ಬಳು ಇಂಥ ಇಲಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನಿನ್ನ ಪಂಜರದ ಚೀಟಿ ಮೇಲೆ ಬರೆದ ಕ್ರೀ ಇದೆಯಲ್ಲ, ಟರ್ಮಿನೇಟರ್ ಪೇಟೆಂಟಿನಲ್ಲೂ ಅದೇ ಇತ್ತು ಅಂದೆ. ಅವಳು ಕಣ್ಣರಳಿಸಿ, "ಹೌದಾ ಸರ್? ಅಂದ್ರೆ ಈಗ ಬಿಟಿ ಹತ್ತಿಯಲ್ಲಿ ಹಾಕಿರೋದೂ ಇದೇನಾ?" ಅಂದಳು.

ನಾನು ಕುರ್ಚಿ ಎಳೆದುಕೊಂಡು ಕೂತೆ.