ಥ್ಯಾಕರೆ ಮಣ್ಣಾದದ್ದು ಧಾರವಾಡದಲ್ಲಿ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ‘ಮಣ್ಣಿಗೆ ಹೋಗಿ ಬಂದೆ’ ಅನ್ನುತ್ತೇವೆ. ಜಗಳ ಆಡಿ ಮಾತು ಬಿಟ್ಟವರೂ ಮಣ್ಣಿಗೆ ಮಾತ್ರ ತಪ್ಪಿಸುವುದಿಲ್ಲ. ದೂರ ನಿಂತಾದರೂ ಒಂದು ಹಿಡಿ ಮಣ್ಣು ಹಾಕಿ ಬರುತ್ತಾರೆ. ಧಾರವಾಡದ ಕ್ರೈಸ್ತರ ಸ್ಮಶಾನದಲ್ಲಿ ಸೇಂಟ್ ಜಾನ್ ಥ್ಯಾಕರೆಯ ಗೋರಿ ಮುಂದೆ ನಿಂತಾಗ ನನಗೆ ಅದೇ ನೆನಪಾಯಿತು. ಕಿತ್ತೂರಿನ ಕೋಟೆ ಮುಂದೆ ಸತ್ತ ಕಲೆಕ್ಟರ್ ಈತ. ಶಾಲೆಯ ನಾಟಕದಲ್ಲಿ, ಲಾವಣಿಯಲ್ಲಿ ಈತ ಕುದುರೆಯಿಂದ ಬೀಳುವುದನ್ನು ನೋಡುತ್ತ, ಕೇಳುತ್ತ ಬೆಳೆದವರು ನಾವು. ಬಿದ್ದ ಮೇಲೆ ಎಲ್ಲಿ ಮಣ್ಣಾದ ಅನ್ನೋದು ಧಾರವಾಡದ ಎಷ್ಟೋ ಮಂದಿಗೆ ಗೊತ್ತಿಲ್ಲ.

ಸೇಂಟ್ ಜಾನ್ ಅನ್ನೋದು ಆತನ ಹೆಸರೇ, ಸಂತ ಅಂತೇನೂ ಅರ್ಥವಲ್ಲ. ಮುಂದೆ ಇಂಗ್ಲಿಷಿನ ದೊಡ್ಡ ಕಾದಂಬರಿಕಾರನಾದ ವಿಲಿಯಂ ಥ್ಯಾಕರೆಗೆ ಈತ ಚಿಕ್ಕಪ್ಪ. ಸಾಯುವಾಗ ಮೂವತ್ತು ದಾಟಿ ಜಾಸ್ತಿ ವರ್ಷ ಆಗಿರಲಿಲ್ಲ.

ಈತ ಇಲ್ಲಿಗೆ ಹೇಗೆ ಬಂದ? ಅದಕ್ಕೆ 1818ಕ್ಕೆ ಹೋಗಬೇಕು. ಪುಣೆಯ ಪೇಶ್ವೆ ಸೋತ. ಧಾರವಾಡ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈ ಸೇರಿತು. ಅದನ್ನು ಹಿಡಿದವನು ಥಾಮಸ್ ಮನ್ರೋ. ಧಾರವಾಡವನ್ನು ನೆಲೆ ಮಾಡಿಕೊಂಡು ಚಿಕ್ಕ ಪಡೆಯ ಜೊತೆ ಹೊರಟ ಆತ ಗದಗ, ಡಂಬಳ, ಹುಬ್ಬಳ್ಳಿ ಅಂತ ಒಂದೊಂದೇ ಊರು ಗೆದ್ದ. ಆಮೇಲೆ ಮದ್ರಾಸಿನ ಗವರ್ನರ್ ಆದ. ಧಾರವಾಡ ಕಲೆಕ್ಟರನ ಊರಾಯಿತು. ಇಂಗ್ಲಿಷರು ಇಲ್ಲಿ ಮನೆ ಕಟ್ಟಿಕೊಂಡರು, ಸತ್ತವರಿಗೆ ಜಾಗವನ್ನೂ ಮಾಡಿಕೊಂಡರು. ಮನ್ರೋ ಹೆಸರು ನೆನಪಿರಲಿ, ಇದೇ ಸ್ಮಶಾನದಲ್ಲಿ ಇನ್ನೊಮ್ಮೆ ಬರುತ್ತದೆ.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತಿರುವುದೇ. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ದತ್ತು ತೆಗೆದುಕೊಂಡಿದ್ದ ಅಂತ ಸಂಸ್ಥಾನದವರು ಹೇಳಿದರು. ಥ್ಯಾಕರೆ ಒಪ್ಪಲಿಲ್ಲ. ಖಜಾನೆಗೆ ಬೀಗಮುದ್ರೆ ಹಾಕಿಸಿ ತನ್ನ ಕಾವಲು ಇಟ್ಟ. ಹಿಂದಿನ ದೇಸಾಯಿ ಮಲ್ಲಸರ್ಜನ ಹೆಂಡತಿ ಚೆನ್ನಮ್ಮ ಪತ್ರ ಬರೆದು ಕೇಳಿಕೊಂಡಳು, ಫಲ ಸಿಗಲಿಲ್ಲ. ಅಕ್ಟೋಬರ್ 23ರಂದು ಕೋಟೆ ಬಾಗಿಲು ಮುಚ್ಚಿತ್ತು. ಹೊರಗೆ ಥ್ಯಾಕರೆ ತೋಪು ತಂದು ನಿಂತಿದ್ದ. ಒಮ್ಮೆಲೇ ಬಾಗಿಲು ತೆರೆಯಿತು, ಕಿತ್ತೂರಿನವರು ಮೈಮೇಲೆ ಬಿದ್ದರು. ಥ್ಯಾಕರೆ ಸತ್ತ. ಗುಂಡು ಹೊಡೆದವನು ಅಮಟೂರು ಬಾಳಪ್ಪ ಅಂತ ನಮ್ಮ ಜನ ಹೇಳುತ್ತ ಬಂದಿದ್ದಾರೆ. ಬ್ಲ್ಯಾಕ್, ಸಿವೆಲ್, ಡೈಟನ್ ಅನ್ನೋ ಅಧಿಕಾರಿಗಳೂ ಬಿದ್ದರು. ಸ್ಟೀವನ್‌ಸನ್ ಮತ್ತು ಎಲಿಯಟ್ ಸೆರೆ ಸಿಕ್ಕರು.

ಈ ಎಲಿಯಟ್ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ಆಗ ಆತ ಇನ್ನೂ ಎಳೆಯ ಹುಡುಗ. ಕಿತ್ತೂರಿನವರು ಅವನನ್ನು ಕೊಲ್ಲಲಿಲ್ಲ. ಒತ್ತೆ ಇಟ್ಟುಕೊಂಡು ಕಾಪಾಡಿ, ಆಮೇಲೆ ಬಿಟ್ಟರು. ಬದುಕಿ ಉಳಿದ ವಾಲ್ಟರ್ ಎಲಿಯಟ್ ಮುಂದೆ ಊರೂರು ಸುತ್ತಿಸಿ ಈ ಸೀಮೆಯ ನೂರಾರು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ಚರಿತ್ರೆ ಬರೆಯಲು ಹೊರಟ ಮೊದಲಿಗರಲ್ಲಿ ಆತನೂ ಒಬ್ಬ. ಅವತ್ತು ಅವನೂ ಬಿದ್ದಿದ್ದರೆ ಥ್ಯಾಕರೆ ಪಕ್ಕದಲ್ಲಿ ಇನ್ನೊಂದು ಕಲ್ಲು ನಿಲ್ಲುತ್ತಿತ್ತು, ಅಷ್ಟೇ.

ಕಂಪನಿ ದೊಡ್ಡ ಸೈನ್ಯ ಕಟ್ಟಿಕೊಂಡು ಮತ್ತೆ ಬಂತು. ಡಿಸೆಂಬರಿನ ಮೊದಲ ವಾರ ಕಿತ್ತೂರು ಬಿತ್ತು. ಆದರೆ ಆ ಕಾದಾಟದಲ್ಲೂ ಒಬ್ಬ ಸಬ್ ಕಲೆಕ್ಟರ್ ಸತ್ತ. ಜಾನ್ ಕಾಲಿನ್ಸ್ ಮನ್ರೋ, ಥಾಮಸ್ ಮನ್ರೋನ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ. ಆತನ ಗೋರಿಯೂ ಧಾರವಾಡದ ಇದೇ ಸ್ಮಶಾನದಲ್ಲಿದೆ. ಊರು ಗೆದ್ದವನ ಮನೆಯ ಹುಡುಗ ಆರೇ ವರ್ಷದಲ್ಲಿ ಅದೇ ಊರಿನ ಮಣ್ಣಿಗೆ ಹೋದ. ಈ ಎರಡು ಹೆಸರು ಒಂದೇ ಕಡೆ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಕಥೆಯ ಇನ್ನೊಂದು ಭಾಗ ಬೈಲಹೊಂಗಲದಲ್ಲಿದೆ. ಸೆರೆ ಸಿಕ್ಕ ಚೆನ್ನಮ್ಮನನ್ನು ಅಲ್ಲಿನ ಕೋಟೆಯಲ್ಲಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡಳು. ಸಮಾಧಿಯೂ ಅಲ್ಲೇ. ಅವಳ ನಂಬಿಕೆಯ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೆ ಹಾಕಿದರು. ಅವನ ಸಮಾಧಿಯ ಹತ್ತಿರ ದೊಡ್ಡ ಆಲದ ಮರ ಇದೆ. ಸಂಗಾತಿಯೇ ಅದರ ಸಸಿ ನೆಟ್ಟ ಅಂತಾರೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಅಲ್ಲಿ ಪುಟ್ಟ ತೊಟ್ಟಿಲು ಕಟ್ಟಿ ಹೋಗುತ್ತಾರೆ.

ಯಾವ ಸಮಾಧಿ ಉಳಿಯುತ್ತದೆ, ಯಾವುದು ಹಾಳಾಗುತ್ತದೆ ಅನ್ನೋದಕ್ಕೆ ಉತ್ತರ ಆ ತೊಟ್ಟಿಲಲ್ಲೇ ಇದೆ ಅನ್ನಿಸುತ್ತದೆ ನನಗೆ. ಹುಬ್ಬಳ್ಳಿಯ ಸಿದ್ಧಾರೂಢರ ಗದ್ದುಗೆಗೆ, ಗದಗಿನಲ್ಲಿ ಪುಟ್ಟರಾಜ ಗವಾಯಿಗಳ ಗದ್ದುಗೆಗೆ ದಿನಾ ಜನ ಬರುತ್ತಾರೆ. ಶಿಶುನಾಳದಲ್ಲಿ ಶರೀಫರ ಗದ್ದುಗೆಗೆ ಹಿಂದೂಗಳೂ ಮುಸಲ್ಮಾನರೂ ತಲೆ ಬಾಗುತ್ತಾರೆ. ಕಾಯಿ ಒಡೆಯುವವರು, ಊದುಬತ್ತಿ ಹಚ್ಚುವವರು ಇದ್ದಲ್ಲಿ ಕಸ ಗುಡಿಸುವವರೂ ಇರುತ್ತಾರೆ. ಥ್ಯಾಕರೆಗೆ ಭಕ್ತರಿಲ್ಲ, ಬಂಧುಗಳಿಲ್ಲ. 1947ರ ನಂತರ ಅವನ ಸರ್ಕಾರವೂ ಇಲ್ಲಿಲ್ಲ. ಎರಡು ಮಹಾಯುದ್ಧಗಳಲ್ಲಿ ಸತ್ತ ಸೈನಿಕರ ಗೋರಿಗಳಿಗಾದರೆ ಕಾಮನ್‌ವೆಲ್ತ್ ಸಮಾಧಿ ಆಯೋಗ ಇದೆ. 1824ರಲ್ಲಿ ಸತ್ತವರು ಅದರ ಲೆಕ್ಕಕ್ಕೆ ಬರುವುದಿಲ್ಲ. ದೇಶದ ತುಂಬ ಇರುವ ಇಂಥ ಗೋರಿಗಳ ಬರಹಗಳನ್ನು ದಾಖಲು ಮಾಡಲು 1976ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘ ಹುಟ್ಟಿತು. ಆದರೆ ಗಿಡಗಂಟಿ ಕೀಳುವುದು, ಬಿರುಕು ಮುಚ್ಚುವುದು ಲಂಡನ್ನಿನಲ್ಲಿ ಕೂತು ಆಗುವ ಕೆಲಸವಲ್ಲ.

‘ನಮ್ಮ ಮೇಲೆ ದಂಡೆತ್ತಿ ಬಂದವನ ಗೋರಿ, ನಾವು ಯಾಕೆ ನೋಡಿಕೊಳ್ಳಬೇಕು?’ ಅಂತ ಗೆಳೆಯರೊಬ್ಬರು ನನ್ನನ್ನು ಕೇಳಿದರು. ಸರಿಯಾದ ಪ್ರಶ್ನೆಯೇ. ನನ್ನ ಉತ್ತರ ಇಷ್ಟು: ಕಿತ್ತೂರು ಉತ್ಸವ ಶುರುವಾಗುವುದು ಅಕ್ಟೋಬರ್ 23ಕ್ಕೆ. ಥ್ಯಾಕರೆ ಸತ್ತ ದಿನವೂ ಅದೇ. ಪುಟ್ಟ ಸಂಸ್ಥಾನವೊಂದು ಕಂಪನಿಯನ್ನು ಸೋಲಿಸಿದ್ದಕ್ಕೆ, ಸೋತವರೇ ತಮ್ಮ ಕೈಯಾರೆ ಕಲ್ಲಿನಲ್ಲಿ ಬರೆದಿಟ್ಟ ಸಾಕ್ಷಿ ಇದು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಇವೆಯಲ್ಲ, ಚೆನ್ನಮ್ಮನ ಗೆಲುವಿಗೆ ಧಾರವಾಡದಲ್ಲಿರುವ ವೀರಗಲ್ಲು ಇದೇ ಅಂತ ನಾನು ತಿಳಿದಿದ್ದೇನೆ. ಹುಬ್ಬಳ್ಳಿಯ ವೃತ್ತದಲ್ಲಿ ಕುದುರೆ ಏರಿದ ಚೆನ್ನಮ್ಮನನ್ನು ನೋಡುತ್ತೇವೆ, 2007ರಲ್ಲಿ ಅವಳ ಪ್ರತಿಮೆ ಸಂಸತ್ತಿನ ಆವರಣಕ್ಕೂ ಹೋಯಿತು. ಅವೆಲ್ಲ ನಾವು ಪ್ರೀತಿಯಿಂದ ಆಮೇಲೆ ಮಾಡಿಸಿದ್ದು. ಈ ಗೋರಿ ಆ ಯುದ್ಧದ ದಿನಗಳದ್ದೇ.

ಈ ನೆಲಕ್ಕೆ ಬಂದ ಬಿಳಿಯರೆಲ್ಲ ಒಂದೇ ಥರದವರಲ್ಲ ಅನ್ನೋದನ್ನೂ ಹೇಳಬೇಕು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ಶಾಲೆ ತೆರೆದರು, ಕನ್ನಡ ಕಲಿತರು. ನಿಘಂಟಿನ ಕಿಟೆಲ್ ಕೂಡ 1853ರಲ್ಲಿ ಈ ಕಡೆಗೇ ಬಂದವರು. ಅವರ ಸಮಾಧಿ ಇಲ್ಲಿದೆ ಅಂತ ಹುಡುಕಬೇಡಿ. ಅವರು 1903ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ.

ಧಾರವಾಡದ ಸ್ಮಶಾನಕ್ಕೆ ಹೋಗುವುದಾದರೆ ಬಾಗಿಲಲ್ಲಿ ಯಾರಾದರೂ ಇದ್ದರೆ ಕೇಳಿಯೇ ಒಳಗೆ ಹೋಗಿ. ಅದು ಇನ್ನೊಬ್ಬರ ಮನೆಯವರು ಮಲಗಿರುವ ಜಾಗ. ನಡು ಮಧ್ಯಾಹ್ನ ಹೋಗಬೇಡಿ, ನೆತ್ತಿಯ ಬಿಸಿಲಿಗೆ ಸವೆದ ಅಕ್ಷರ ಕಾಣುವುದಿಲ್ಲ. ಸುಣ್ಣದ ಕಡ್ಡಿಯಿಂದ ತಿದ್ದಬೇಡಿ, ಕಲ್ಲು ಕೆರೆಯಬೇಡಿ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಒಂದು ಬದಿ ನಿಂತು ನೋಡಿ. ಕೊರೆದ ಗೆರೆಗಳಲ್ಲಿ ನೆರಳು ತುಂಬಿ, ಖಾಲಿ ಅನ್ನಿಸುತ್ತಿದ್ದ ಕಲ್ಲಿನ ಮೇಲೆ ಮೊದಲು ಒಂದು ಅಕ್ಷರ ಕಾಣುತ್ತದೆ, ಆಮೇಲೆ ಅದರ ಪಕ್ಕದ್ದು.