ಪೀನೈಲ್ ಇಂಪ್ಲಾಂಟ್: ಹಳೆಯ ಆಪರೇಷನ್‌ಗಳ ವಿವರ ಏಕೆ ಬೇಕು?

ಉಡುಪಿಯ ನನ್ನ ಕ್ಲಿನಿಕ್ಕಿಗೆ ಕುಂದಾಪುರದ ಕಡೆಯಿಂದ ಬಂದ, ಅರವತ್ತು ದಾಟಿದವರೊಬ್ಬರು ಪ್ಲಾಸ್ಟಿಕ್ ಕವರಿನಿಂದ ಸಕ್ಕರೆ ಕಾಯಿಲೆಯ ರಿಪೋರ್ಟುಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ನಿಮಿರುವಿಕೆಯ ತೊಂದರೆಗೆ ಮಾತ್ರೆ, ಇಂಜೆಕ್ಷನ್ ಎರಡೂ ಫಲ ಕೊಡದೆ ದಂಪತಿ ಇಂಪ್ಲಾಂಟ್ (ನಿಮಿರುವಿಕೆಗಾಗಿ ಶಿಶ್ನದೊಳಗೆ ಕೂರಿಸುವ ಸಾಧನ) ಮಾಡಿಸುವ ತೀರ್ಮಾನಕ್ಕೆ ಬಂದಿದ್ದರು. ಹೊರಡುವಾಗ ಪತ್ನಿ, "ಡಾಕ್ಟ್ರೇ, ಇವರಿಗೆ ಎರಡೂ ಬದಿಗೆ ಹರ್ನಿಯಾದ ಮೆಶ್, ಅದೇ ಬಲೆ, ಹಾಕಿದ್ದಾರೆ, ಅದನ್ನೂ ಹೇಳಬೇಕಿತ್ತಾ?" ಎಂದು ಕೇಳಿದರು. ಆ ಮಾತಿನಿಂದ ನನ್ನ ಯೋಜನೆಯೇ ಬದಲಾಯಿತು.

1973ರಿಂದ ಬಳಕೆಯಲ್ಲಿರುವ, ಸಲೈನ್ (ಉಪ್ಪುನೀರು) ತುಂಬಿಕೊಳ್ಳುವ ಇಂಪ್ಲಾಂಟಿನಲ್ಲಿ ಶಿಶ್ನದೊಳಗೆ ಎರಡು ಸಿಲಿಂಡರ್, ವೃಷಣಚೀಲದಲ್ಲಿ ಪಂಪ್, ಹೊಟ್ಟೆಯ ಕೆಳಭಾಗದಲ್ಲಿ ದ್ರವದ ಚೀಲ ಇರುತ್ತವೆ. ಈ ಚೀಲವನ್ನು ಸಾಮಾನ್ಯವಾಗಿ ಮೂತ್ರಕೋಶದ ಪಕ್ಕದ ಜಾಗಕ್ಕೆ, ಕಣ್ಣಿಗೆ ಕಾಣದಂತೆಯೇ, ಬೆರಳಿನ ಅಂದಾಜಿನಲ್ಲಿ ಇಳಿಸುತ್ತೇವೆ. ಮೆಶ್ ಹಾಕಿದವರಲ್ಲಿ ಅಥವಾ ಕ್ಯಾನ್ಸರಿಗಾಗಿ ಪ್ರಾಸ್ಟೇಟ್ ತೆಗೆಸಿಕೊಂಡವರಲ್ಲಿ ಆ ಜಾಗ ಅಂಟಿಕೊಂಡಿರಬಹುದಾದ್ದರಿಂದ, ಬಲವಂತ ಮಾಡಿದರೆ ಮೂತ್ರಕೋಶ, ಕರುಳು ಅಥವಾ ದೊಡ್ಡ ರಕ್ತನಾಳಕ್ಕೆ ಗಾಯವಾಗಬಹುದು. ಆಗ ಚೀಲವನ್ನು ಹೊಟ್ಟೆಯ ಸ್ನಾಯುಗಳ ಹಿಂದೆ ಎತ್ತರದಲ್ಲಿ ಇರಿಸಬಹುದು. ತೆಳ್ಳಗಿನವರಿಗೆ ಅದು ಕೈಗೆ ಸಿಗುವುದುಂಟು, ಇದನ್ನು ಮೊದಲೇ ತಿಳಿಸಬೇಕು. ಅಗತ್ಯವಿದ್ದರೆ ಬೇರೊಂದು ಕಡೆ ಸಣ್ಣದಾಗಿ ಕೊಯ್ದು, ನೋಡಿಕೊಂಡೇ ಇರಿಸುವುದು ನನಗೆ ಹೆಚ್ಚು ಸಮ್ಮತ.

ಇದಕ್ಕಿಂತ ಕಷ್ಟದ್ದು ಶಿಶ್ನದ ಒಳಗೇ ಗಟ್ಟಿಗಟ್ಟಿದ ಸ್ಥಿತಿ. ಸೋಂಕಿನಿಂದ ಹಿಂದಿನ ಇಂಪ್ಲಾಂಟ್ ತೆಗೆದವರಲ್ಲಿ, ಅಥವಾ ನೋವಿನ ನಿಮಿರುವಿಕೆ ಇಳಿಯದೆ ದಿನಗಟ್ಟಲೆ ಉಳಿದವರಲ್ಲಿ, ಸ್ಪಂಜಿನಂಥ ಅಂಗಾಂಶ ನಾರಾಗಿ, ಸಿಲಿಂಡರಿಗೆ ದಾರಿ ಅಗಲಿಸುವ ಎಂದಿನ ಸಲಾಕೆ ಒಳಹೋಗುವುದಿಲ್ಲ. ಇನ್ನೊಂದು ಕಡೆಯೂ ಕೊಯ್ದು, ನಾರನ್ನು ಕತ್ತರಿಸಿ ದಾರಿ ಮಾಡಿ, ಕಿರಿದಾದ ಸಿಲಿಂಡರ್ ಕೂರಿಸಬೇಕಾಗುತ್ತದೆ. ಮೂತ್ರನಾಳ ಹರಿದರೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸಿ, ಕ್ಯಾತಿಟರ್ (ಮೂತ್ರ ಹರಿಸುವ ನಳಿಕೆ) ಇಟ್ಟು, ಮಾಗಿದ ಮೇಲೆ ಮತ್ತೆ ಬರುವುದೇ ಸರಿ; ಹಾಗೆ ನಿಲ್ಲಿಸುವುದನ್ನು ಸೋಲೆಂದು ನಾನು ಎಣಿಸುವುದಿಲ್ಲ. ನಾಲ್ಕು ಗಂಟೆ ಮೀರಿಯೂ ಇಳಿಯದ ನಿಮಿರುವಿಕೆಗೆ ನಾಚಿಕೆ ಬಿಟ್ಟು ರಾತ್ರಿಯೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಬನ್ನಿ ಎಂದು ನಾನು ಬೇಡಿಕೊಳ್ಳುವುದೂ ಒಳಗೆ ಹೀಗೆ ನಾರು ಕಟ್ಟದಿರಲಿ ಎಂದೇ.

ಶಿಶ್ನ ಬಾಗಿದ್ದರೆ, ಸಿಲಿಂಡರ್ ತುಂಬಿಸಿ ಕೈಯಿಂದಲೇ ಎದುರು ದಿಕ್ಕಿಗೆ ಬಗ್ಗಿಸಿ ಬಹುಮಟ್ಟಿಗೆ ನೇರಗೊಳಿಸಬಹುದು.

ಕುಂದಾಪುರದ ಆ ಹಿರಿಯರ ಬೆರಳುಗಳು ಸಂಧಿವಾತದಿಂದ ಸೆಟೆದಿದ್ದವು. ಮಾದರಿ ಪಂಪನ್ನು ಕೈಗಿತ್ತರೆ ಒತ್ತಲಾಗಲಿಲ್ಲ. ಚೀಲವೂ ಪಂಪೂ ಬೇಡದ, ಬಗ್ಗಿಸಬಹುದಾದ ಕಡ್ಡಿಯ ಇಂಪ್ಲಾಂಟನ್ನು ದಂಪತಿ ತಾವೇ ಆರಿಸಿಕೊಂಡರು.