ಲಿನಕ್ಸ್‌ನಲ್ಲಿ ಸದ್ದೆತ್ತದ ಸೌಂಡ್ ಕಾರ್ಡ್: ಒಂದು ಅಧ್ಯಯನ ಟಿಪ್ಪಣಿ

ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ್ದಾಯಿತು. ವೈಫೈ ಬಂತು, ಪರದೆ ಸರಿಯಿದೆ, ಸದ್ದು ಮಾತ್ರ ಇಲ್ಲ. ಹೆಡ್‌ಫೋನ್ ಸಿಕ್ಕಿಸಿದರೆ ಹಾಡು ಕೇಳುತ್ತದೆ, ಕಿತ್ತರೆ ಸ್ಪೀಕರ್ ಗಪ್‌ಚುಪ್. ‘ಈ ಕಾರ್ಡಿಗೆ ಲಿನಕ್ಸ್ ಸಪೋರ್ಟ್ ಇಲ್ಲ’ ಎಂದು ಕೈಚೆಲ್ಲುವವರೇ ಹೆಚ್ಚು. ಆದರೆ ಇಂಥ ಮಷೀನುಗಳಲ್ಲಿ ಸಾಮಾನ್ಯವಾಗಿ ಚಿಪ್ಪಿನ ಪರಿಚಯ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಚೆನ್ನಾಗಿಯೇ ಇರುತ್ತದೆ. ಗೊತ್ತಿಲ್ಲದಿರುವುದು ಆ ಚಿಪ್ಪಿನ ಯಾವ ಕಾಲಿಗೆ (ಪಿನ್‌ಗೆ) ಏನನ್ನು ಜೋಡಿಸಿದ್ದಾರೆ ಎಂಬುದು. ಅದನ್ನು ಹೇಳಬೇಕಾದದ್ದು ಬಯಾಸ್, ಅಂದರೆ ಮಷೀನು ಶುರುವಾಗುವಾಗ ಮೊದಲು ಓಡುವ, ತಯಾರಕರೇ ತುಂಬಿಟ್ಟ ಪ್ರೋಗ್ರಾಮ್. ಬಯಾಸ್ ತಪ್ಪು ಹೇಳಿದರೆ ಡ್ರೈವರ್ ಅದನ್ನೇ ನಂಬಿ ಕೂರುತ್ತದೆ. ಈ ಟಿಪ್ಪಣಿಯ ಬಹುಪಾಲು ಆ ತಪ್ಪನ್ನು ಹಿಡಿಯುವ ಬಗ್ಗೆಯೇ.

(ಕಮಾಂಡುಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು.)

ಯಾರ ಕೆಲಸ ಏನು

ಕರ್ನಲ್ ಒಳಗೆ ಸದ್ದಿನ ಜವಾಬ್ದಾರಿ ಆಲ್ಸಾದ್ದು. ಯಾರೊಸ್ಲಾವ್ ಕಿಸೆಲಾ ಅವರು ಗ್ರೇವಿಸ್ ಅಲ್ಟ್ರಾಸೌಂಡ್ ಕಾರ್ಡಿಗೆಂದು ಬರೆದ ಡ್ರೈವರ್‌ನಿಂದ ಬೆಳೆದು, 2003ರ ಕೊನೆಗೆ ಬಂದ 2.6 ಕರ್ನಲ್ ಹೊತ್ತಿಗೆ ಇದು ಓಎಸ್‌ಎಸ್ ಎಂಬ ಹಳೆಯ ಸದ್ದಿನ ವ್ಯವಸ್ಥೆಯ ಜಾಗಕ್ಕೆ ಬಂದು ಕೂತಿತು. ಆಲ್ಸಾದ ಮೇಲೆ, ಬಳಕೆದಾರರ ಕಡೆ, ಪ್ರೋಗ್ರಾಮುಗಳ ಸದ್ದನ್ನೆಲ್ಲ ಕೂಡಿಸಿ ಆಲ್ಸಾಗೆ ಕೊಡಲು ಮೊದಲು ಪಲ್ಸ್‌ಆಡಿಯೊ ಇತ್ತು. ಫೆಡೊರಾ 34ರಿಂದ (2021) ಪೈಪ್‌ವೈರ್ ಬಂತು, ಉಬುಂಟು 22.10ರಲ್ಲಿ ಅದನ್ನೇ ಹಿಡಿಯಿತು. ನಮ್ಮ ತೊಂದರೆ ಪೈಪ್‌ವೈರ್‌ನಲ್ಲಿ ಇರುವುದು ಅಪರೂಪ. ಆದರೂ ಎಲ್ಲರೂ ಮೊದಲು ಅದನ್ನೇ ಕಿತ್ತುಹಾಕಿ ಪಲ್ಸ್‌ಆಡಿಯೊ ಹಾಕುತ್ತಾರೆ. ಕೆಳಗಿನ ಆಲ್ಸಾಗೇ ಸ್ಪೀಕರ್ ಕಾಣದಿದ್ದರೆ ಮೇಲೆ ಯಾರನ್ನು ಕೂರಿಸಿ ಏನು ಪ್ರಯೋಜನ?

ಹಾರ್ಡ್‌ವೇರ್ ಕಡೆ, ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೊ ಎಂಬ ನಿಯಮಾವಳಿ ತಂದಿತು. ಇದರಲ್ಲಿ ಎರಡು ಭಾಗ: ಪ್ರೊಸೆಸರ್ ಬಳಗದ ಜತೆ ಬರುವ ಕಂಟ್ರೋಲರ್, ಬೋರ್ಡಿನ ಮೇಲೆ ಪ್ರತ್ಯೇಕವಾಗಿ ಕೂತು ಅಂಕಿಯನ್ನು ಸದ್ದಾಗಿಸುವ ಕೋಡೆಕ್ ಚಿಪ್. ಕೋಡೆಕ್ ಹೆಚ್ಚಾಗಿ ರಿಯಲ್‌ಟೆಕ್‌ನದು. ಸಿರಸ್ ಲಾಜಿಕ್, ಕೋನೆಕ್ಸಂಟ್‌ನವೂ ಸಿಗುತ್ತವೆ. ‘ಸೌಂಡ್ ಕಾರ್ಡ್ ಯಾವುದು?’ ಎಂದು ಕೇಳಿದರೆ, ಹಾರ್ಡ್‌ವೇರ್ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಹೇಳುವುದು ಕಂಟ್ರೋಲರ್ ಹೆಸರನ್ನು ಮಾತ್ರ. ನಮಗೆ ಬೇಕಾದದ್ದು ಕೋಡೆಕ್.

ಮೊದಲ ತಪಾಸಣೆ

‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಹೊಡೆದು ಆಡಿಯೊ ಸಾಲಿನ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ನೋಡಿ. ‘ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್’ ಇದ್ದರೆ ಹಳೆಯ ದಾರಿ. ‘ಎಸ್‌ಒಎಫ್’ ಎಂದು ಶುರುವಾದರೆ ನಡುವೆ ಡಿಎಸ್‌ಪಿ (ಸದ್ದನ್ನು ಸಂಸ್ಕರಿಸುವ ಪುಟ್ಟ ಪ್ರೊಸೆಸರ್) ಇದೆ, ಅದನ್ನು ಕೊನೆಯಲ್ಲಿ ನೋಡೋಣ. ‘ಎಪ್ಲೇ -ಎಲ್’ ಕೊಟ್ಟರೆ ಆಲ್ಸಾ ಕಂಡ ಕಾರ್ಡುಗಳ ಪಟ್ಟಿ ಬರುತ್ತದೆ. ಕಾರ್ಡ್ 0 ಎಚ್‌ಡಿಎಂಐ ಆಗಿ, ನಿಜವಾದ ಕೋಡೆಕ್ ಕಾರ್ಡ್ 1 ಆಗಿರುವುದುಂಟು. ಸದ್ದೆಲ್ಲ ಇಲ್ಲದ ಟಿವಿಗೆ ಹೋಗುತ್ತಿರುತ್ತದೆ, ಅಷ್ಟೆ.

ನಂತರ ವಾಲ್ಯೂಮ್ ತಿದ್ದುವ ಆಲ್ಸಾಮಿಕ್ಸರ್. ಎಫ್6 ಒತ್ತಿ ಸರಿಯಾದ ಕಾರ್ಡ್ ಆರಿಸಿಕೊಳ್ಳಿ. ಕಂಬದ ಕೆಳಗೆ ‘ಎಂಎಂ’ ಇದ್ದರೆ ಮ್ಯೂಟ್ ಆಗಿದೆ, ಎಂ ಕೀಲಿ ಒತ್ತಿದರೆ ‘00’ ಆಗುತ್ತದೆ. ‘ಆಟೊ-ಮ್ಯೂಟ್’ ಎಂಬುದನ್ನೂ ಒಮ್ಮೆ ಆಫ್ ಮಾಡಿ ನೋಡಿ: ಹೆಡ್‌ಫೋನ್ ಇದೆ ಎಂದು ಚಿಪ್ ತಪ್ಪು ತಿಳಿದಿದ್ದರೆ ಸ್ಪೀಕರನ್ನು ಅದೇ ಮುಚ್ಚಿರುತ್ತದೆ.

ಪರೀಕ್ಷೆಗೆ ‘ಸ್ಪೀಕರ್-ಟೆಸ್ಟ್ -ಸಿ 2 -ಟಿ ಡಬ್ಲ್ಯುಎವಿ’ ಸಾಕು. ಎಡ, ಬಲ ಎಂದು ಇಂಗ್ಲಿಷಿನಲ್ಲಿ ಕೂಗುತ್ತದೆ. ಕನ್ನಡವೇ ಕೇಳಬೇಕೆಂದರೆ ಬರಹವನ್ನು ಓದಿ ಹೇಳುವ ಈಸ್ಪೀಕ್ ಎನ್‌ಜಿಗೆ ‘-ವಿ ಕೆಎನ್’ ಕೊಡಿ, ಯಂತ್ರದ ದನಿಯಾದರೂ ನಮ್ಮ ಮಾತು. ಪರದೆಯನ್ನು ಓದಿ ಹೇಳುವ ಒರ್ಕಾ ಎಂಬ ಸ್ಕ್ರೀನ್ ರೀಡರ್ ನೆಚ್ಚಿಕೊಂಡ ಅಂಧ ಬಳಕೆದಾರರಿಗೆ ಈ ಸದ್ದೇ ಪರದೆ. ಹಾಡು ಕೇಳದಿದ್ದರೆ ಬೇಜಾರು, ಆದರೆ ಅವರಿಗೆ ಕಂಪ್ಯೂಟರೇ ಇಲ್ಲದಂತೆ.

ಪಿನ್‌ಗಳ ಕಥೆ

ಇಷ್ಟಾದರೂ ಸ್ಪೀಕರ್ ಸುಮ್ಮನಿದ್ದರೆ ‘/ಪ್ರಾಕ್/ಎಸೌಂಡ್/ಕಾರ್ಡ್0/ಕೋಡೆಕ್#0’ ಫೈಲನ್ನು ತೆರೆಯಿರಿ. ನೂರಾರು ಸಾಲು ನೋಡಿ ಗಾಬರಿಯಾಗಬೇಡಿ. ಮೇಲೆ ‘ವೆಂಡರ್ ಐಡಿ’ ಇರುತ್ತದೆ: 10ಇಸಿ0256 ಎಂದಿದ್ದರೆ, 10ಇಸಿ ರಿಯಲ್‌ಟೆಕ್, 0256 ಅಂದರೆ ಎಎಲ್‌ಸಿ256. ಅದರ ಕೆಳಗಿನ ‘ಸಬ್‌ಸಿಸ್ಟಮ್ ಐಡಿ’ ಆ ಲ್ಯಾಪ್‌ಟಾಪ್ ಮಾಡೆಲ್‌ನ ಗುರುತು. ಮೊದಲ ನಾಲ್ಕು ಅಂಕಿ ತಯಾರಕರದು: 1028 ಡೆಲ್, 17ಎಎ ಲೆನೊವೊ, 103ಸಿ ಎಚ್‌ಪಿ. ಇವೆರಡನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ಉಳಿದದ್ದೆಲ್ಲ ನೋಡ್‌ಗಳು. ಕೆಲವು ಡಿಜಿಟಲ್ ಅಂಕಿಯನ್ನು ಸದ್ದಿನ ಅಲೆಯಾಗಿಸುವ ಡ್ಯಾಕ್‌ಗಳು, ಕೆಲವು ಮಿಕ್ಸರ್‌ಗಳು, ಇನ್ನು ಕೆಲವು ‘ಪಿನ್ ಕಾಂಪ್ಲೆಕ್ಸ್’. ನಮ್ಮ ಕಣ್ಣು ಈ ಕೊನೆಯವುಗಳ ಮೇಲಿರಲಿ. ಒಂದೊಂದು ಪಿನ್‌ನ ಕೆಳಗೂ ‘ಪಿನ್ ಡಿಫಾಲ್ಟ್’ ಎಂಬ ಸಾಲಿದೆ. ಬಯಾಸ್ ಬರೆದದ್ದು ಇದನ್ನೇ. ಹೆಸರಿನ ಚೀಟಿ ಅದಲು ಬದಲಾದ ಸ್ವಿಚ್ ಬೋರ್ಡ್ ಇದ್ದ ಹಾಗೆ: ತಂತಿ ಸರಿಯಿದೆ, ಬಲ್ಬ್ ಸರಿಯಿದೆ, ಚೀಟಿ ನಂಬಿದವನು ಕತ್ತಲಲ್ಲಿ.

ಸರಿಯಾಗಿ ಬರೆದ ಒಂದು ಚೀಟಿಯನ್ನು ಬಿಡಿಸೋಣ: 90170110. ಎಂಟು ಹೆಕ್ಸ್ ಅಂಕಿ (0ಯಿಂದ 9, ಆಮೇಲೆ ಎಯಿಂದ ಎಫ್; ಒಂದೊಂದೂ ನಾಲ್ಕು ಬಿಟ್), ಅಂದರೆ 32 ಬಿಟ್.

ಮೊದಲ ಅಂಕಿ 9, ಬಿಟ್‌ಗಳಲ್ಲಿ 1001. ಇದರ ಮೊದಲೆರಡು ಬಿಟ್ ಸಂಪರ್ಕದ ಬಗೆ: 00 ಇದ್ದರೆ ಹೊರಗೆ ಜ್ಯಾಕ್ ಇದೆ, 01 ಇದ್ದರೆ ಏನನ್ನೂ ಜೋಡಿಸಿಲ್ಲ, 10 ಇದ್ದರೆ ಒಳಗೇ ಕಾಯಂ ಆಗಿ ಕೂರಿಸಿದ್ದು. ಇಲ್ಲಿ 10. ಉಳಿದೆರಡು ಬಿಟ್ ಮತ್ತು ಎರಡನೆಯ ಅಂಕಿ ಸೇರಿ ಜಾಗ ಹೇಳುತ್ತವೆ, ಇಲ್ಲಿ ಪೆಟ್ಟಿಗೆಯ ಒಳಗೆ. ಮೂರನೆಯ ಅಂಕಿ ಸಾಧನ: 0 ಲೈನ್ ಔಟ್, 1 ಸ್ಪೀಕರ್, 2 ಹೆಡ್‌ಫೋನ್, ಎ ಆದರೆ ಮೈಕ್. ನಾಲ್ಕನೆಯ 7 ಕನೆಕ್ಟರ್‌ನ ಬಗೆ, ‘ಇತರ ಅನಲಾಗ್’. ಐದನೆಯದು ಬಣ್ಣ; ಒಳಗಿನ ಸ್ಪೀಕರ್‌ಗೆ ಯಾವ ಬಣ್ಣ, ಆದ್ದರಿಂದ 0. ಆರನೆಯ 1 ಅಂದರೆ ಜ್ಯಾಕ್ ಸಿಕ್ಕಿಸಿದ್ದಾರೋ ಎಂದು ನೋಡುವ ಗೋಜು ಬೇಡ. ಏಳನೆಯದು ಗುಂಪು, ಎಂಟನೆಯದು ಆ ಗುಂಪಿನೊಳಗಿನ ಸ್ಥಾನ.

ಈಗ ತಂಟೆಕೋರ ಚೀಟಿ: 411111ಎಫ್0. ಮೊದಲ ಅಂಕಿ 4, ಬಿಟ್‌ಗಳಲ್ಲಿ 0100. ಮೊದಲೆರಡು 01, ಅಂದರೆ ಏನೂ ಇಲ್ಲ. ಬಳಸದ ಪಿನ್‌ಗಳಿಗೆ ಬಯಾಸ್ ಬರೆಯುವವರು ಸಾಮಾನ್ಯವಾಗಿ ಹಚ್ಚುವ ಮುದ್ರೆ ಇದೇ. ತಮಾಷೆ ಏನೆಂದರೆ ಮೂರನೆಯ ಅಂಕಿ 1 ಇರುವುದರಿಂದ ಫೈಲಿನಲ್ಲಿ ಇದು ‘ಎನ್/ಎ’ ಜತೆಗೆ ‘ಹಿಂಬದಿಯ ಸ್ಪೀಕರ್’ ಎಂದು ಓದಿಕೊಳ್ಳುತ್ತದೆ. ಹೊಸಬರು ಇದನ್ನು ನೋಡಿ ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಆರು ಸ್ಪೀಕರ್ ಇದೆ’ ಅಂದುಕೊಳ್ಳುತ್ತಾರೆ. ಎಷ್ಟು ಪಿನ್‌ಗೆ ಈ ಮುದ್ರೆ ಬಿದ್ದಿದೆಯೋ ಅಷ್ಟನ್ನೂ ಡ್ರೈವರ್ ಮುಟ್ಟುವುದಿಲ್ಲ. ಅವುಗಳಲ್ಲಿ ಒಂದು ನಿಮ್ಮ ನಿಜವಾದ ಸ್ಪೀಕರ್ ಆಗಿರಬಹುದು.

ಯಾವುದೆಂದು ಊಹಿಸುವುದು ಹೇಗೆ? ಆ ಪಿನ್‌ನ ‘ಪಿನ್‌ಕ್ಯಾಪ್’ (ಪಿನ್ ಏನು ಮಾಡಬಲ್ಲದು) ಸಾಲಿನಲ್ಲಿ ‘ಔಟ್’ ಇರಬೇಕು, ‘ಇಎಪಿಡಿ’ ಇದ್ದರೆ ಇನ್ನೂ ಒಳ್ಳೆಯದು. ಅದು ಹೊರಗಿನ ಆಂಪ್ಲಿಫೈಯರ್‌ಗೆ ಕರೆಂಟ್ ಬಿಡುವ ಕಾಲು. ರಿಯಲ್‌ಟೆಕ್‌ನ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಹೆಕ್ಸ್ 14 ಸ್ಪೀಕರ್, 21 ಹೆಡ್‌ಫೋನ್ ಆಗಿರುವುದು ರೂಢಿ. ರೂಢಿ ಅಷ್ಟೆ, ಶಾಸನವಲ್ಲ.

ಪ್ರಯೋಗ, ಆಮೇಲೆ ಕಾಯಂ

ಆಲ್ಸಾ ಪರಿಕರಗಳ ಜತೆ ಬರುವ ‘ಎಚ್‌ಡಿಎ-ಜ್ಯಾಕ್-ರಿಟಾಸ್ಕ್’ ಎಂಬ ಕಿಟಕಿ ಪ್ರೋಗ್ರಾಮ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ‘ಜೋಡಿಸದ ಪಿನ್ ತೋರಿಸು’ ಎಂಬ ಆಯ್ಕೆಗೆ ಗುರುತು ಹಾಕಿ, ಅನುಮಾನದ ಪಿನ್‌ಗೆ ‘ಒಳ ಸ್ಪೀಕರ್’ ಕೊಟ್ಟು, ಈಗಲೇ ಅನ್ವಯಿಸಿ ಪರೀಕ್ಷಿಸಬಹುದು. ಸದ್ದು ಬಂದರೆ ಬೂಟ್ ಹೊತ್ತಿಗೂ ಅನ್ವಯವಾಗುವಂತೆ ಅದೇ ಕಡತ ಬರೆದುಕೊಡುತ್ತದೆ.

ಕಲಿಯುವವರು ಕೈಯಾರೆಯೂ ಒಮ್ಮೆ ಮಾಡಿ ನೋಡಬೇಕು. ‘/ಸಿಸ್/ಕ್ಲಾಸ್/ಸೌಂಡ್/ಎಚ್‌ಡಬ್ಲ್ಯುಸಿ0ಡಿ0’ ಒಳಗೆ ಪಿನ್‌ಗಳಿಗೆ ಸಂಬಂಧಿಸಿದ ಮೂರು ಕಡತ ಇವೆ: ‘ಇನಿಟ್_ಪಿನ್_ಕಾನ್ಫಿಗ್ಸ್’ ಬಯಾಸ್ ಹೇಳಿದ್ದು, ‘ಡ್ರೈವರ್_ಪಿನ್_ಕಾನ್ಫಿಗ್ಸ್’ ಕರ್ನಲ್ ತಿದ್ದಿದ್ದು, ‘ಯೂಸರ್_ಪಿನ್_ಕಾನ್ಫಿಗ್ಸ್’ ನೀವು ಹೇಳುವುದು. ಜಗಳ ಬಂದರೆ ಗೆಲ್ಲುವುದು ನಿಮ್ಮ ಮಾತು. ಪೈಪ್‌ವೈರ್ ನಿಲ್ಲಿಸಿ, ಅದನ್ನು ಎಬ್ಬಿಸುವ ಸಾಕೆಟ್ ಸಮೇತ, ಇಲ್ಲವಾದರೆ ತಾನಾಗಿ ಎದ್ದು ಕಾರ್ಡನ್ನು ಹಿಡಿದುಕೊಳ್ಳುತ್ತದೆ. ಯೂಸರ್ ಕಡತಕ್ಕೆ ‘0ಎಕ್ಸ್14 0ಎಕ್ಸ್90170110’ ಬರೆದು, ಅದೇ ಜಾಗದ ‘ರಿಕಾನ್ಫಿಗ್’ ಕಡತಕ್ಕೆ 1 ಬರೆಯಿರಿ. ‘ಸುಡೊ ಎಕೊ’ ಮುಂದೆ ಬಾಣ (>) ಹಾಕಿದರೆ ಅನುಮತಿ ಇಲ್ಲ ಎನ್ನುತ್ತದೆ, ಏಕೆಂದರೆ ಬಾಣದ ಕೆಲಸ ಮಾಡುವುದು ಸುಡೊ ಅಲ್ಲ, ನಿಮ್ಮ ಶೆಲ್. ‘ಸುಡೊ ಟೀ’ ಬಳಸಿ.

ಕಾಯಂ ಮಾಡಲು ‘/ಲಿಬ್/ಫರ್ಮ್‌ವೇರ್’ ಒಳಗೆ ಪುಟ್ಟ ಪ್ಯಾಚ್ ಕಡತ ಬೇಕು. ಚೌಕ ಆವರಣದಲ್ಲಿ ‘ಕೋಡೆಕ್’, ಕೆಳಗೆ ವೆಂಡರ್ ಐಡಿ, ಸಬ್‌ಸಿಸ್ಟಮ್ ಐಡಿ, ವಿಳಾಸ 0. ಮತ್ತೆ ಚೌಕ ಆವರಣದಲ್ಲಿ ‘ಪಿನ್‌ಸಿಎಫ್‌ಜಿ’, ಕೆಳಗೆ ಪಿನ್ ಮತ್ತು ಮೌಲ್ಯ. ಆಮೇಲೆ ಡ್ರೈವರ್‌ಗಳ ಆಯ್ಕೆಗಳನ್ನು ಬರೆದಿಡುವ ‘/ಇಟಿಸಿ/ಮೋಡ್‌ಪ್ರೋಬ್.ಡಿ’ ಒಳಗೆ ಎಸ್‌ಎನ್‌ಡಿ-ಎಚ್‌ಡಿಎ-ಇಂಟೆಲ್‌ಗೆ ‘ಪ್ಯಾಚ್=ಕಡತದ ಹೆಸರು’. ಕಂಟ್ರೋಲರ್ ಎರಡಿದ್ದು ನಿಮ್ಮದು ಎರಡನೆಯದಾದರೆ ಹೆಸರಿನ ಮುಂಚೆ ಒಂದು ಅಲ್ಪವಿರಾಮ ಹಾಕಲೇಬೇಕು.

ಡ್ರೈವರ್‌ಗೆ ಕೊಡುವ ‘ಮಾಡೆಲ್=’ ಆಯ್ಕೆಗಳ, ಅಂತರ್ಜಾಲದಲ್ಲಿ ಸಿಗುವ ಪಟ್ಟಿಯನ್ನು ಒಂದೊಂದಾಗಿ ಕೊಟ್ಟು ನೋಡುವ ಪದ್ಧತಿ ನನಗೆ ಹಿಡಿಸದು. ಒಮ್ಮೊಮ್ಮೆ ಸದ್ದು ಬರುತ್ತದೆ ನಿಜ, ಆದರೆ ಯಾವ ಪಿನ್ ಬದಲಾಯಿತು, ಯಾಕೆ ಬಂತು ತಿಳಿಯುವುದಿಲ್ಲ. ಮೈಕ್ ಹೋದದ್ದು ಮುಂದಿನ ಮೀಟಿಂಗಿನಲ್ಲೇ ಗೊತ್ತಾಗುವುದು.

ನಾಲ್ಕು ಸ್ಪೀಕರ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೊಂದು ಬಗೆ. ಸದ್ದು ಬರುತ್ತದೆ, ಆದರೆ ತಗಡು ಬಡಿದಂತೆ. ಬಾಸ್ ಜೋಡಿಯ ಪಿನ್, ರಿಯಲ್‌ಟೆಕ್‌ನಲ್ಲಿ ಹೆಚ್ಚಾಗಿ 17, ಅದೇ ‘ಏನೂ ಇಲ್ಲ’ ಮುದ್ರೆಯಡಿ ಅಡಗಿರುತ್ತದೆ. ಅದಕ್ಕೆ 90170111 ಕೊಡಿ: ಗುಂಪು ಅದೇ 1, ಸ್ಥಾನ ಮಾತ್ರ 1. ಆಗ ಒಂದು ವಿಚಿತ್ರ ಎದುರಾಗಬಹುದು: ವಾಲ್ಯೂಮ್ ಎಷ್ಟು ಇಳಿಸಿದರೂ ಬಾಸ್ ಇಳಿಯುವುದೇ ಇಲ್ಲ. ಕಾರಣ, ಕೆಲವು ಚಿಪ್‌ಗಳಲ್ಲಿ ಪಿನ್ 17ಕ್ಕೆ ಡ್ಯಾಕ್ 06 ಅಂಟಿಕೊಳ್ಳುತ್ತದೆ, ಆ ಡ್ಯಾಕ್‌ಗೆ ವಾಲ್ಯೂಮ್ ಆಂಪ್ ಇಲ್ಲ. ಕರ್ನಲ್‌ನಲ್ಲಿ ಇದಕ್ಕೆಂದೇ ‘ಡಿಸೇಬಲ್ ಡ್ಯಾಕ್3’ ಎಂಬ ತಿದ್ದುಪಡಿ ಇದೆ; ಅದು ಪಿನ್ 17ನ್ನು ವಾಲ್ಯೂಮ್ ಇರುವ ಬೇರೆ ಡ್ಯಾಕ್‌ಗೆ ಕಟ್ಟುತ್ತದೆ.

ಪಿನ್ ಸರಿಯಾದರೂ ಸದ್ದಿಲ್ಲದಿದ್ದರೆ

ಕೋಡೆಕ್ ಫೈಲಿನಲ್ಲಿ ‘ಆಂಪ್-ಔಟ್’ ಬೆಲೆ 80 ಇದ್ದರೆ ಮ್ಯೂಟ್, ‘ಪಿನ್-ಸಿಟಿಎಲ್ಸ್’ 40 ಇದ್ದರೆ ಔಟ್‌ಪುಟ್ ತೆರೆದಿದೆ. ಎರಡೂ ಸರಿಯಿದ್ದರೆ ಆಂಪ್ಲಿಫೈಯರ್ ಮೇಲೆ ಅನುಮಾನ. ಕೆಲವು ಮ್ಯಾಕ್‌ಬುಕ್‌ಗಳಲ್ಲಿ ಅದನ್ನು ಎಬ್ಬಿಸುವುದು ಜಿಪಿಐಒ ಎಂಬ ಕಾಲು. ರಿಯಲ್‌ಟೆಕ್‌ನಲ್ಲಿ ‘ಕೋಎಫ್’ ಎಂಬ, ಹೊರಗೆ ವಿವರಣೆ ಸಿಗದ ರಿಜಿಸ್ಟರ್‌ಗಳು. ವಿಂಡೋಸನ್ನು ಕ್ಯೂಎಮು ಎಂಬ ವರ್ಚುವಲ್ ಮಷೀನ್ ಒಳಗೆ ಓಡಿಸಿ, ಕಾರ್ಡನ್ನು ಅದರ ಕೈಗೆ ಕೊಟ್ಟು, ಅದು ಚಿಪ್‌ಗೆ ಏನೇನು ಬರೆಯುತ್ತದೆ ಎಂದು ಕದ್ದು ನೋಡಿ ಇವನ್ನು ಪತ್ತೆ ಮಾಡಿದವರಿದ್ದಾರೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿರಸ್‌ನ ಸಿಎಸ್35ಎಲ್41ರಂಥ ‘ಸ್ಮಾರ್ಟ್ ಆಂಪ್’ಗಳಿವೆ, ಇವು ಐ2ಸಿ ಅಥವಾ ಎಸ್‌ಪಿಐ ಎಂಬ ಚಿಪ್-ಚಿಪ್ ನಡುವಿನ ತಂತಿಗಳ ಮೂಲಕ ಬೇರೆಯಾಗಿ ಮಾತಾಡುತ್ತವೆ, ತಮ್ಮದೇ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಪ್ರೋಗ್ರಾಮ್) ಕೇಳುತ್ತವೆ. ಅಲ್ಲಿ ಪಿನ್ ತಿದ್ದಿ ಫಲವಿಲ್ಲ, ಹೊಸ ಕರ್ನಲ್ಲೇ ಗತಿ.

ಡಿಎಸ್‌ಪಿ ದಾರಿಯವರಿಗೆ: ಸೆಟ್ಟಿಂಗ್ಸ್‌ನಲ್ಲಿ ‘ಡಮ್ಮಿ ಔಟ್‌ಪುಟ್’ ಮಾತ್ರ ಕಂಡರೆ, ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೆಜ್‌ನಲ್ಲಿ ‘ಎಸ್‌ಒಎಫ್’ ಹುಡುಕಿ. ಫರ್ಮ್‌ವೇರ್ ಲೋಡ್ ಆಗದೆ ‘-2’ ಎಂದಿದ್ದರೆ ಕಡತವೇ ಇಲ್ಲ ಎಂದರ್ಥ. ಡೆಬಿಯನ್‌ನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಫೆಡೊರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’, ಆರ್ಚ್‌ನಲ್ಲಿ ‘ಎಸ್‌ಒಎಫ್-ಫರ್ಮ್‌ವೇರ್’ ಹಾಕಿ. ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಮಾಡ್ಯೂಲ್‌ಗೆ ‘ಡಿಎಸ್‌ಪಿ_ಡ್ರೈವರ್=1’ ಕೊಟ್ಟರೆ ಹಳೆಯ ದಾರಿಗೆ ಮರಳುತ್ತದೆ. ಪರೀಕ್ಷೆಗೆ ಒಳ್ಳೆಯದು, ಆದರೆ ಡಿಎಸ್‌ಪಿಗೇ ಜೋಡಿಸಿದ ಡಿಜಿಟಲ್ ಮೈಕ್ ಆಗ ಕಾಣೆಯಾಗುತ್ತದೆ.

ಕರ್ನಲ್‌ಗೆ ತಿಳಿಸುವುದು

ನಿಮಗೆ ಸಿಕ್ಕ ಪರಿಹಾರ ಅದೇ ಮಾಡೆಲ್ ಇರುವ ಎಲ್ಲರಿಗೂ ಬೇಕು. ‘ಆಲ್ಸಾ-ಇನ್ಫೊ’ ಸ್ಕ್ರಿಪ್ಟ್ ಓಡಿಸಿದರೆ ಕೋಡೆಕ್ ಫೈಲು, ಡಿಮೆಸೆಜ್, ಮಿಕ್ಸರ್ ಸ್ಥಿತಿ ಎಲ್ಲ ಒಂದೇ ಕಡತದಲ್ಲಿ ಬರುತ್ತವೆ. ಅದರೊಂದಿಗೆ ಯಾವ ಪಿನ್‌ಗೆ ಯಾವ ಮೌಲ್ಯ ಕೊಟ್ಟಿರಿ ಎಂದು ಬರೆದು ಕರ್ನಲ್‌ನ ಸೌಂಡ್ ವಿಭಾಗದ ಮೇಲಿಂಗ್ ಲಿಸ್ಟಿಗೆ ಕಳಿಸಿ. ಸರಿಯಾದ ತಿದ್ದುಪಡಿ ಮೊದಲೇ ಇದ್ದರೆ ಸೇರಿಸಬೇಕಾದದ್ದು ಒಂದೇ ಸಾಲು: ಸಬ್‌ಸಿಸ್ಟಮ್ ಐಡಿ, ಮಾಡೆಲ್ ಹೆಸರು, ತಿದ್ದುಪಡಿಯ ಹೆಸರು. ಆ ಸಾಲು ಇರುವ ಕರ್ನಲ್ ನಿಮ್ಮ ಡಿಸ್ಟ್ರೊಗೆ (ಉಬುಂಟು, ಫೆಡೊರಾದಂಥ ಲಿನಕ್ಸ್ ಆವೃತ್ತಿಗೆ) ಬಂದ ದಿನ ನಿಮ್ಮ ಪ್ಯಾಚ್ ಕಡತವನ್ನೂ ಮೋಡ್‌ಪ್ರೋಬ್ ಸಾಲನ್ನೂ ತೆಗೆದುಹಾಕಿ. ಯೂಸರ್ ಮಾತೇ ಗೆಲ್ಲುವುದರಿಂದ, ಬಿಟ್ಟರೆ ಕರ್ನಲ್ ಮುಂದೆ ಅದೇ ಪಿನ್‌ನ ಮೌಲ್ಯವನ್ನು ಇನ್ನೂ ಚೆನ್ನಾಗಿ ತಿದ್ದಿದರೂ ನಿಮ್ಮ ಮಷೀನಿಗೆ ಅದು ತಟ್ಟುವುದಿಲ್ಲ.